ಅಳತೆಗೆ ಕೊಟ್ಟ ಜಂಪರ್

ನಮ್ಮ ಉಗಾರ ಖುರ್ದದ ಭಜನಾ ಮಂಡಳಿಯ ಹೆಂಗಸರು ಆ ವರ್ಷ ಪಂಢರಪುರಕ್ಕೆ ನಡೆದು ಹೋಗುವಾಗ ಎಲ್ಲರದೂ ಒಂದೇ ಬಣ್ಣದ ಸೀರೆ, ಜಂಪರ್ ಇರಬೇಕೆಂದು ಹಟ ಹಿಡಿದರು. ನನಗೆ ಕನ್ನಡ, ಮರಾಠಿ ಎರಡರಲ್ಲೂ ಜಗಳಾಡಲು ಬರುತ್ತದೆಂದು ಇಚಲಕರಂಜಿಯ ಬಟ್ಟೆ ಹೊಲಿಯುವ ಕಾರ್ಖಾನೆಗೆ ಆರ್ಡರ್ ಕೊಡುವ ಕೆಲಸ ನನ್ನ ಕೊರಳಿಗೆ ಬಿತ್ತು. ಊರ ಉಸಾಬರಿ ನನಗೇಕೆ ಬೇಕಿತ್ತೋ! ಆದರೆ ಮಂಡಳಿಯಲ್ಲಿ ಅವ್ವನೂ ಇದ್ದಳು. ಮಿರಜದ ಆಸ್ಪತ್ರೆಯಿಂದ ಬಂದಾಗಿನಿಂದ ಬಡಕಲಾಗಿದ್ದಳು. ಅಷ್ಟು ದೂರ ನಡೆದಾಳೇ? ಡಾಕ್ಟರು ಹೌದೆನ್ನಲಿಲ್ಲ, ಇಲ್ಲವೆನ್ನಲೂ ಇಲ್ಲ. "ನನಗೂ ಒಂದ ಜಂಪರ್ ಹೊಲಿಸು" ಎಂದಳು ಅವ್ವ. ಅವಳ ಹೆಸರನ್ನೂ ಪಟ್ಟಿಗೆ ಸೇರಿಸಿದೆ.

ಕಾರ್ಖಾನೆಯವನು ಸೈಜ್ ಕೇಳಿದ. ಸೈಜ್ ಯಾರಿಗೆ ಗೊತ್ತು? ಅಳತೆಗೊಂದು ಜಂಪರ್ ಕೊಡುವುದೇ ನಮ್ಮ ಪದ್ಧತಿ. ಅವರವರು ಸುತ್ತಿ ಕೊಟ್ಟಿದ್ದನ್ನು ಬಿಚ್ಚಿಯೂ ನೋಡದೆ ಚೀಲಕ್ಕೆ ತುಂಬಿ ಕಳಿಸಿದೆ.

ಹೊಲಿದು ಬಂದವನ್ನು ಗುಡಿಯ ಹಿಂದಿನ ಖೋಲಿಯಲ್ಲಿ ತೊಟ್ಟು ನೋಡಿದರೆ ಒಬ್ಬರಿಗೂ ಹುಕ್ಕು ಬೀಳಲಿಲ್ಲ. ಅವ್ವನದು ಮಾತ್ರ ಚೀಲದಂತೆ ಜೋತಾಡುತ್ತಿತ್ತು. ನನ್ನ ತಲೆ ಮೊಸರು ಗಡಿಗೆಯಾಯಿತು. ಫೋನ್ ಹಚ್ಚಿ ಬೈದೆ.

"ಅಕ್ಕಾರ, ನೀವು ಕಳಿಸಿದ್ದ ನೋಡೇ ಹೊಲದೇವ್ರಿ. ಒಂದ ಬೆರಳ ಫರಕ್ ಇಲ್ಲ," ಎಂದ.

ಅವನು ತಿರುಗಿ ಕಳಿಸಿದ್ದ ಅಳತೆಯ ಜಂಪರುಗಳನ್ನು ಹರಡಿದೆ. ಎಲ್ಲವೂ ಟ್ರಂಕಿನಲ್ಲಿಟ್ಟ ಮದುವೆ ಕಾಲದ ರೇಷ್ಮೆ ಜಂಪರುಗಳು!

"ಮಾಸಿದ್ದ ಕಳಿಸಿದ್ರ ಮಂದಿ ಏನಂದಾರು?" ಎಂದಳು ನೆರೆಮನೆಯ ಕಾಕು.

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವ್ವನದು ಮಾತ್ರ ರೇಷ್ಮೆಯಲ್ಲ, ದಿನವೂ ತೊಡುತ್ತಿದ್ದದ್ದೇ, ಆದರೆ ಬೇನೆ ಬೀಳುವ ಮೊದಲಿನದು. ಆಸ್ಪತ್ರೆಯಿಂದ ಬಂದ ಮೇಲೆ ಬಿಗಿ ಮಾಡಿಸಿಕೊಂಡ ಜಂಪರುಗಳು ಮನೆಯಲ್ಲಿದ್ದವಲ್ಲ, ಇದನ್ನೇಕೆ ಕೊಟ್ಟಳು?

ಪುಣ್ಯಕ್ಕೆ ಒಳಗೆ ಬಟ್ಟೆ ಬಿಟ್ಟು ಹೊಲಿದಿದ್ದರು. ಹೆಂಗಸರೆಲ್ಲ ಹೊಲಿಗೆ ಬಿಚ್ಚುತ್ತ ಕುಳಿತರು. ನಾನು ಸೂಜಿ ದಾರ ಹಿಡಿದು ಅವ್ವನ ಬಳಿ ಹೋದೆ.

"ಕೊಡ ಬೇ, ಬಗಲಾಗ ಒಂದೀಟು ಹಿಡೀತೀನಿ."

"ಬ್ಯಾಡ."

"ಇದನ್ನ ತೊಟ್ಕೊಂಡ ಹೆಂಗ ನಡೀತಿ?"

"ಈ ವರ್ಷ ನನ್ನ ಕೈಲೆ ಎಲ್ಲಿ ಆಗತೈತೆವ್ವಾ," ಎಂದಳು ಅವ್ವ, ಜಂಪರ್ ಮಡಚುತ್ತ. "ನಾ ಕೊಟ್ಟಿದ್ದು ಮುಂದಿನ ವರ್ಷದ ಅಳತಿ."

ಅವಳನ್ನು ಹೇಗೆ ತಡೆಯಲೆಂದು ಒದ್ದಾಡುತ್ತಿದ್ದ ನನಗೆ ಹಗುರೆನಿಸಬೇಕಿತ್ತು. ಎಲ್ಲರೆದುರು ಅತ್ತುಬಿಟ್ಟೆ.