ಈಸಿ ತಂದ ಕೊಡ

ರೋಣದ ನಮ್ಮ ಮನೆಯ ಪಡಸಾಲೆಯಲ್ಲಿ, ಚೌಕಟ್ಟು ಹಾಕಿಸಿದ ನನ್ನ ಬಿ.ಎ. ಪದವಿ ಪತ್ರದ ಪಕ್ಕದ ಗೂಟಕ್ಕೆ ಒಂದು ಒಣಗಿದ ಸೋರೆಬುರುಡೆ ತೂಗುತ್ತಿದೆ. ಬಂದವರು ಪತ್ರ ನೋಡಿ ತಲೆದೂಗುತ್ತಾರೆ. ಬುರುಡೆ ನೋಡಿ, ದೃಷ್ಟಿ ತಾಗದಿರಲೆಂದು ಕಟ್ಟಿದ್ದಾರೆ ಎಂದುಕೊಂಡು ಸುಮ್ಮನಾಗುತ್ತಾರೆ. ಎಲ್ಲರಿಗೂ ಬಿಡಿಸಿ ಹೇಳುವುದು ನನಗೂ ಆಗುವುದಿಲ್ಲ. ನಿಮಗೆ ಹೇಳುತ್ತೇನೆ. ಅಬ್ಬಿಗೇರಿಯ ನಮ್ಮ ಹೊಲದ ಬಾವಿಯಲ್ಲಿ ಅವ್ವ ನನಗೆ ಈಜು ಕಲಿಸಿದ್ದು ಈ ಬುರುಡೆಯನ್ನು ಬೆನ್ನಿಗೆ ಕಟ್ಟಿ. ಅದರ ತಳದಲ್ಲಿ ಅಲಸಂದಿ ಕಾಳಿನಷ್ಟು ಒಂದು ತೂತಿದೆ. ನಾನು ನಾಲ್ಕು ದಿನ ಸಲೀಸಾಗಿ ತೇಲಿದ ಮೇಲೆ ಅವ್ವ ನನಗೆ ಗೊತ್ತಾಗದಂತೆ ದಬ್ಬಳದಿಂದ ಅದನ್ನು ಕೊರೆದು, ಮತ್ತೆ ಬೆನ್ನಿಗೆ ಕಟ್ಟಿದ್ದಳು. ನಾನು ಬಾವಿ ಸುತ್ತುತ್ತಿದ್ದಂತೆ ಬುರುಡೆ ನೀರು ಕುಡಿಯುತ್ತ ಹೋಯಿತು. ಮೂರನೆಯ ಸುತ್ತಿಗೆ ಅದು ನನ್ನನ್ನು ಹೊತ್ತಿರಲಿಲ್ಲ, ನಾನೇ ಅದನ್ನು ಹೊತ್ತಿದ್ದೆ. ಮೇಲೆ ಬಂದಾಗ ಬುರುಡೆಯಿಂದ ನೀರು ಸುರುವಿ ತೋರಿಸಿದ ಅವ್ವ, "ನೋಡ, ಇಷ್ಟೊತ್ತು ನೀನ ಈಸಿದಿ. ಇನ್ನ ಅಂಜಬ್ಯಾಡ" ಎಂದಿದ್ದಳು. ಶಿಕ್ಷಣಶಾಸ್ತ್ರದ ಪುಸ್ತಕಗಳನ್ನು ನಾನೂ ಓದಿದ್ದೇನೆ, ಇಷ್ಟು ಚಿಕ್ಕ ತೂತಿನಲ್ಲಿ ಇಷ್ಟು ದೊಡ್ಡ ಪಾಠ ಅವುಗಳಲ್ಲೆಲ್ಲೂ ಸಿಗಲಿಲ್ಲ.

ನಮ್ಮ ಬಾವಿ ದುಂಡನೆಯದು. ಅದರಲ್ಲಿ ಈಜುವುದಕ್ಕೂ ಒಂದು ರೀತಿಯಿತ್ತು: ಗೋಡೆಯನ್ನು ಎಡಗೈಗೆ ಇಟ್ಟುಕೊಂಡು, ಬಲಕ್ಕೆ ಬಾಗುತ್ತ, ಗುಡಿ ಸುತ್ತಿದಂತೆ ಸುತ್ತಬೇಕು. ಉಲ್ಟಾ ಸುತ್ತಿದರೆ ಅವ್ವನ ಕೈಯಲ್ಲಿಯ ಕೋಲು ನೀರಿಗೆ ಬಡಿಯುತ್ತಿತ್ತು. ಗಂಗವ್ವನಿಗೆ ಅಪ್ರದಕ್ಷಿಣೆ ಹಾಕಬಾರದು ಎಂಬುದು ಅವಳ ಕಟ್ಟಳೆ. ಹೀಗೆ ಮೂವತ್ತು ವರ್ಷ, ಮದುವೆಯಾಗಿ ರೋಣದಲ್ಲಿ ಹೈಸ್ಕೂಲು ಶಿಕ್ಷಕಿಯಾದ ಮೇಲೂ ಭಾನುವಾರಕ್ಕೊಮ್ಮೆ ತವರಿನ ಹೊಲಕ್ಕೆ ಹೋಗಿ, ನಾನು ಬಲಕ್ಕೇ ಬಾಗುತ್ತ ಈಜಿದೆ. ಮನುಷ್ಯನಿಗೆ ಅವನ ಬಾವಿಯ ಆಕಾರ ಬಂದುಬಿಡುತ್ತದೆ; ಅದು ಅವನಿಗೆ ತಿಳಿಯುವುದು ಬಾವಿಯಿಂದ ಹೊರಬಿದ್ದ ದಿನ.

ಆ ದಿನವನ್ನು ನನಗೆ ತಂದವರು ನಮ್ಮ ಶಾಲೆಯ ಡ್ರಿಲ್ ಮಾಸ್ತರರು. ಗಜೇಂದ್ರಗಡದ ಕಡೆಯ ಒಂದು ಕೆರೆ ಆ ವರ್ಷ ಕೋಡಿ ಬೀಳುವಷ್ಟು ತುಂಬಿತ್ತು, ಹವ್ಯಾಸಿ ಈಜುಗಾರರು ಕೆಲವರು ಸೇರಿ ಅಲ್ಲೊಂದು ಸ್ಪರ್ಧೆ ಇಟ್ಟಿದ್ದರು. ಏರಿಯ ಉದ್ದಕ್ಕೂ ಅರ್ಧ ಕಿಲೋಮೀಟರು ಹೋಗಿ, ಅಲ್ಲಿ ತೇಲಿಬಿಟ್ಟ ಕೇಸರಿ ಬಣ್ಣದ ಗಾಳಿಚೆಂಡನ್ನು ಬಳಸಿ ತಿರುಗಿ ಬರಬೇಕು. ಒಂದು ತಾಸು ಗಡುವು. ಗಡುವಿನೊಳಗೆ ದಂಡೆ ಮುಟ್ಟದವರನ್ನು ದೋಣಿಯಲ್ಲಿ ಹತ್ತಿಸಿಕೊಳ್ಳುತ್ತಾರೆ, ಅವರ ಹೆಸರು ಕೂಗುವುದಿಲ್ಲ. "ಅಕ್ಕಾರ, ಬಾವ್ಯಾಗ ಕಪ್ಪಿ ಗತೆ ಸುತ್ತಿದ್ದು ಸಾಕ್ರಿ, ಒಮ್ಮೆ ಕೆರಿಗೆ ಬರ್ರಿ" ಎಂದು ಮಾಸ್ತರರು ನಗೆಯಾಡಿದರು. ನಾನು ಅವತ್ತೇ ಹೆಸರು ಬರೆಸಿದೆ.

ಖರೇ ಹೇಳಬೇಕೆಂದರೆ, ನನ್ನನ್ನು ಎಳೆದದ್ದು ನೀರಲ್ಲ, ಹೆಸರು ಕೂಗುತ್ತಾರೆ ಎಂಬ ಮಾತು. ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೇ ಮೊದಲು. ಘಟಿಕೋತ್ಸವದ ದಿನ ನಾನು ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದೆ. ಆಳು ಸಿಗದ ಸುಗ್ಗಿಯಲ್ಲಿ ಧಾರವಾಡಕ್ಕೆ ಹೋಗಿ ಕರಿ ಗೌನು ತೊಡುತ್ತೇನೆ ಎನ್ನಲು ನನಗೇ ಬಾಯಿ ಬರಲಿಲ್ಲ. ಪದವಿ ಆಮೇಲೆ ಅಂಚೆಯಲ್ಲಿ ಬಂತು. ಅಂಚೆಯವರು ಬದುವಿನ ಮೇಲೆ ನಿಂತು ಕೊಟ್ಟ ಲಕೋಟೆಯನ್ನು ಅವ್ವ ಕೈಯನ್ನು ಸೆರಗಿಗೆ ಎರಡು ಸಲ ಒರೆಸಿಕೊಂಡು ಮುಟ್ಟಿದಳು, ಒಳಗಿನ ಕಾಗದ ತೆಗೆದು ಬಿಸಿಲಿಗೆ ಹಿಡಿದು, "ಇದರಾಗ ನಿನ್ನ ಹೆಸರ ಎಲ್ಲೈತಿ?" ಎಂದು ಕೇಳಿದಳು. ತೋರಿಸಿದೆ. "ಯಾರರ ಓದಿ ಹೇಳಿದ್ರ ಚಲೋ ಇತ್ತು, ನಾಕ ಮಂದಿ ಮುಂದ" ಎಂದಳು. ಬಹುಮಾನ ಮುಖ್ಯವಲ್ಲ, ಭಾಗವಹಿಸುವುದು ಮುಖ್ಯ ಎಂದು ನಾನು ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತೇನೆ, ಒಳ್ಳೆಯ ಮಾತೇ. ಆದರೆ ಅದನ್ನು ಮನಸ್ಸಿಟ್ಟು ಹೇಳಬೇಕಾದರೆ ಕಪಾಟಿನ ತುಂಬ ಬಹುಮಾನ ಇರಬೇಕಾಗುತ್ತದೆ. ನನಗೆ ಬೇಕಾಗಿದ್ದದ್ದು ಒಂದೇ: ಅವ್ವ ಕೇಳುವಂತೆ, ಗಟ್ಟಿಯಾಗಿ, ಯಾರಾದರೂ ನನ್ನ ಹೆಸರು ಕೂಗಬೇಕು.

ಸ್ಪರ್ಧೆಯ ಬೆಳಿಗ್ಗೆ ಅವ್ವ ಇಳಕಲ್ ಸೀರೆ ಉಟ್ಟು, ಬುತ್ತಿಗಂಟು ಹಿಡಿದು ಏರಿಯ ಮೇಲೆ ನಿಂತಿದ್ದಳು. ಕೈಕಾಲು ಮುಚ್ಚುವ ಈಜುಡುಗೆ, ತಲೆಗೆ ರಬ್ಬರು ಟೋಪಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು ಬಂದ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹೆಲ್ಮೆಟ್ಟ ಹಾಕ್ಕೊಂಡ ಮೀನಾ ಆಗೀದಿ" ಎಂದಳು. ಗಂಡಸರು ನಲವತ್ತು ಮಂದಿ, ಹೆಂಗಸರು ನಾವು ಮೂವರು. ಉಳಿದಿಬ್ಬರು ಹುಬ್ಬಳ್ಳಿಯ ಈಜುಕೊಳದಲ್ಲಿ ಕಲಿತವರು, ನೀಟಾಗಿ ಗೀಟು ಹಾಕಿದಂತೆ ಹೋಗುವವರು.

ನಾನು ಮಾಡಿದ ತಪ್ಪು ಇಷ್ಟೇ. ತಿಂಗಳುಗಟ್ಟಲೆ ಮೊಬೈಲಿನಲ್ಲಿ ನೋಡಿ ಕಲಿತ ಹೊಸ ರೀತಿಯಲ್ಲಿ, ಮುಖ ನೀರೊಳಗೆ ಇಟ್ಟು ಈಜತೊಡಗಿದೆ. ಏರಿ ಎಡಕ್ಕಿತ್ತು, ಮುಖ ಮುಳುಗಿಸಿದವಳಿಗೆ ಅದು ಕಾಣಲಿಲ್ಲ. ಗೋಡೆಯಿಲ್ಲದ ನೀರಿನಲ್ಲಿ ನನ್ನ ಮೈ ತನಗೆ ಗೊತ್ತಿದ್ದ ಬಾವಿಯನ್ನು ತಾನೇ ಕಟ್ಟಿಕೊಂಡಿತು. ತೋಳು ಚೆನ್ನಾಗಿ ಬೀಳುತ್ತಿವೆ, ನೀರು ಸರಸರ ಸರಿಯುತ್ತಿದೆ, ಯಾರೂ ಅಕ್ಕಪಕ್ಕ ಇಲ್ಲ ಎಂದರೆ ಎಲ್ಲರನ್ನೂ ಹಿಂದೆ ಹಾಕಿದ್ದೇನೆ ಎಂದುಕೊಂಡೆ. ಆಗ ಕಾವಲು ದೋಣಿಯವನ ದನಿ ಕೇಳಿತು:

"ಅಕ್ಕಾರ, ಎಲ್ಲಿ ಹೊಂಟೀರಿ? ಸ್ಪರ್ಧಾ ಆ ಕಡಿ ನಡದೈತ್ರಿ."

ತಲೆ ಎತ್ತಿ ನೋಡಿದೆ. ಕೆರೆಯ ನಟ್ಟನಡುವೆ ಇದ್ದೆ. ಕೇಸರಿ ಚೆಂಡು ನನ್ನ ಎಡಕ್ಕೆ, ನಿಂಬೆಹಣ್ಣಿನಷ್ಟು ಕಾಣುತ್ತಿತ್ತು.

"ದೋಣಿ ಹತ್ತತೀರೇನ್ರಿ? ಭಾಳ ದೂರ ಬಂದೀರಿ."

"ಇಲ್ಲಪಾ" ಎಂದೆ, ಅದಕ್ಕಿಂತ ಹೆಚ್ಚು ಮಾತಾಡಲು ಉಸಿರಿರಲಿಲ್ಲ. ಚೆಂಡು ಮುಟ್ಟಿ ತಿರುಗುವಷ್ಟರಲ್ಲಿ ಹತ್ತಿರ ಹತ್ತಿರ ನಲವತ್ತು ನಿಮಿಷ ಆಗಿದ್ದವು ಎಂದು ಆಮೇಲೆ ಗೊತ್ತಾಯಿತು. ಆಗ ಗೊತ್ತಿದ್ದದ್ದು ತೋಳಿನ ಭಾರ ಮಾತ್ರ, ಜೊತೆಗೆ ಹೆಸರು ಕೂಗಿಸಿಕೊಳ್ಳದೆ ಬಸ್ಸು ಹತ್ತುವ ಸಂಜೆಯ ಭಯ.

ಬರುವ ದಾರಿಯಲ್ಲಿ ಏರಿ ಬಲಕ್ಕಿತ್ತು. ಮತ್ತೆ ಬಾಗಿದರೆ ಏರಿಯ ಬುಡದ ಜಾಲಿಕಂಟಿಗೆ ಹೋಗಿ ಬೀಳುತ್ತೇನೆ ಎಂದು ಹೆದರಿ ಅತ್ತ ನೋಡಿದವಳಿಗೆ ಅವ್ವ ಕಂಡಳು. ಕೂಗುತ್ತಿರಲಿಲ್ಲ, ಕೈ ಬೀಸುತ್ತಿರಲಿಲ್ಲ. ಬುತ್ತಿಗಂಟು ಬಗಲಲ್ಲಿ ಹಿಡಿದು, ನನ್ನ ವೇಗಕ್ಕೆ ಸರಿಯಾಗಿ, ಏರಿಯ ಮೇಲೆ ನಡೆಯುತ್ತಿದ್ದಳು. ನಾನು ನಡುನೀರಿಗೆ ಹೋದದ್ದನ್ನು ನೋಡಿ ಇಡೀ ಏರಿಯ ಮೇಲೆ ಅದರ ಕಾರಣ ತಿಳಿದವಳು ಅವಳೊಬ್ಬಳೇ. ಮಗಳಿಗೆ ಗೋಡೆ ಬೇಕಾಗಿದೆ ಎಂದು ಅವಳಿಗೆ ಗೊತ್ತಾಗಿತ್ತು. ಅವಳು ಗೋಡೆಯಾಗಿ ನಡೆಯುತ್ತಿದ್ದಳು.

ಮೊಬೈಲಿನ ಈಜನ್ನು ಅಲ್ಲೇ ಬಿಟ್ಟೆ. ಕನ್ನಡಕ ಹಣೆಗೆ ಏರಿಸಿ, ತಲೆ ಮೇಲಿಟ್ಟು, ನಮ್ಮ ಬಾವಿಯ ಈಜು ಈಜಿದೆ. ಅವ್ವ ದೊಡ್ಡದಾಗಿ ಕಂಡರೆ ದಂಡೆಗೆ ಹತ್ತಿರವಾಗುತ್ತಿದ್ದೇನೆಂದು ಎಡಕ್ಕೆ ಸರಿದೆ; ಸಣ್ಣದಾದರೆ ಬಲಕ್ಕೆ ಬಂದೆ. ಸೀರೆಯ ಕೆಂಪು ಸೆರಗು ಒಂದೇ ಅಳತೆಯಲ್ಲಿ ಇರುವಂತೆ ನೋಡಿಕೊಂಡದ್ದು ಬಿಟ್ಟರೆ ನನಗೆ ಬೇರೆ ಏನೂ ನೆನಪಿಲ್ಲ. ಮೊಣಕಾಲಿಗೆ ಕೆಸರು ಹತ್ತಿದಾಗ ಡ್ರಿಲ್ ಮಾಸ್ತರರು ಗಡಿಯಾರ ಹಿಡಿದು, "ಇನ್ನ ಮೂರ ನಿಮಿಷ ಉಳಿದಾವ್ರಿ ಅಕ್ಕಾರ, ಇನ್ನೊಂದ ಸುತ್ತ ಹೊಡೀತೀರೇನು?" ಎಂದರು.

ಕಾರ್ಯಕ್ರಮದಲ್ಲಿ ಧ್ವನಿವರ್ಧಕ ಹಿಡಿದವರು ನಾನು ಅರ್ಜಿಯಲ್ಲಿ ಬರೆದದ್ದನ್ನು ಬರೆದಂತೆಯೇ ಓದಿದರು: "ಮಹಿಳೆಯರ ವಿಭಾಗ, ಮೂರನೆಯ ಬಹುಮಾನ, ಅಬ್ಬಿಗೇರಿಯ ನೀಲವ್ವ, ಬಿ.ಎ., ಬಿ.ಎಡ್." ಈಜಿಗೂ ಪದವಿಗೂ ಏನು ಸಂಬಂಧ ಎಂದು ಒಂದಿಬ್ಬರು ನಕ್ಕರು. ನಗಲಿ. ಬರೆದವಳು ನಾನೇ, ಬೇಕೆಂದೇ ಬರೆದಿದ್ದೆ. ಊರ ಪಾತ್ರೆ ಅಂಗಡಿಯವರು ಕೊಟ್ಟ ಉಕ್ಕಿನ ಕೊಡವೊಂದನ್ನು ನನ್ನ ಕೈಗಿತ್ತರು. ನನಗಿಂತ ಮೊದಲು ಬಹುಮಾನ ಪಡೆದ ಗಟ್ಟಿಮುಟ್ಟಾದ ಗಂಡಸರೂ ಕೊಡವನ್ನೇ ಪಡೆದು, ಅದನ್ನು ಸೊಂಟಕ್ಕೋ ಹೆಗಲಿಗೋ ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದರು. ನಾನು ಸೊಂಟಕ್ಕೆ ಇಟ್ಟುಕೊಂಡು ಇಳಿದೆ.

"ಮೂರ ಮಂದ್ಯಾಗ ಮೂರನೇ ನಂಬರ" ಎಂದು ಮಾಸ್ತರರು ಮತ್ತೆ ಕೆಣಕಿದರು. ಅವ್ವ ಏರಿಯ ಕಡೆ ಕೈ ಮಾಡಿದಳು. ಅಲ್ಲಿ ನೋಡಲು ಬಂದ ಹೆಂಗಸರು ಸಾಲಾಗಿ ಕುಳಿತಿದ್ದರು.

"ಅವರನ್ನೂ ಎಣಸ್ರಿ ಮಾಸ್ತರ. ಅವರನ್ನ ಯಾರೂ ನೀರಿಗೆ ಬಿಟ್ಟಿಲ್ಲ, ಅದಕ್ಕ ದಂಡಿ ಮ್ಯಾಲ ಕುಂತಾರ. ಅವರೂ ಇಳದಿದ್ರ ಇಕಿ ಎಷ್ಟನೇದಾಕಿ ಆಕ್ಕಿದ್ಲೋ. ಇಳದಾಕಿ ಅಂತೂ ಇಕಿ."

ಮಾಸ್ತರರು ಕೈಮುಗಿದರು. ಆ ಮಾತು ನನ್ನಲ್ಲಿ ಇನ್ನೂ ಸುತ್ತುತ್ತಿದೆ. ನಮ್ಮಂಥವರ ಮೊದಲಿಗತನ ಬಹಳ ಸಲ ಹೀಗೆಯೇ ಇರುತ್ತದೆ: ಮುಂದೆ ಎಷ್ಟು ಮಂದಿ ಇದ್ದಾರೆಂಬುದು ಎಲ್ಲರಿಗೂ ಕಾಣುತ್ತದೆ, ದಂಡೆಯ ಮೇಲೆ ಎಷ್ಟು ಮಂದಿ ಉಳಿದರೆಂಬುದು ಇಳಿದವರಿಗೇ ಗೊತ್ತು. ಅವರೆಲ್ಲ ಇಳಿದು ನನ್ನನ್ನು ಹಿಂದೆ ಹಾಕುವ ಒಂದು ದಿನ ಬಂದರೆ ಕೊಡ ಅವರಿಗೇ ಇರಲಿ. ಅಲ್ಲಿಯವರೆಗೆ ಇದು ನನ್ನದು. ಹೀಗೆ ಹೇಳಲು ನನಗೆ ಸಂಕೋಚವಿಲ್ಲ.

ರೋಣದ ಬಸ್ಸಿನಲ್ಲಿ ಅವ್ವ ಕೊಡವನ್ನು ಮೇಲೆ ಇಡಗೊಡದೆ ತೊಡೆಯ ಮೇಲೆ ಇಟ್ಟುಕೊಂಡಳು. ಆಧಾರ್ ಕಾರ್ಡು ನೋಡಿ ಚೀಟಿ ಹರಿದ ಕಂಡಕ್ಟರು, "ಕೊಡ ಎಷ್ಟಕ್ಕ ತಗೊಂಡಿಬೇ ಯಮ್ಮಾ?" ಎಂದ.

"ಕೊಂಡಿದ್ದಲ್ಲೋ ಯಪ್ಪಾ, ನನ್ನ ಮಗಳು ಈಸಿ ತಂದಿದ್ದು."

ಅವನು ಬಾಗಿ ಕೊಡದ ಕಂಠದ ಮೇಲಿನ ಅಕ್ಷರ ಓದಿದ. "ಇದರ ಮ್ಯಾಲ ಅಂಗಡ್ಯಾರ ಹೆಸರ ಐತಲ್ಲ. ನಿನ್ನ ಮಗಳದೆಲ್ಲೈತಿ?"

ಅವ್ವನ ಮುಖ ಸಣ್ಣದಾಯಿತು. ಅಷ್ಟು ಹೊತ್ತೂ ಆ ಅಕ್ಷರಗಳ ಮೇಲೆ ಬೆರಳಾಡಿಸುತ್ತ ಬಂದಿದ್ದಳು, ಅವು ನನ್ನವೇ ಎಂದುಕೊಂಡು. ರೋಣದಲ್ಲಿ ಇಳಿದವಳೇ ಮನೆಯ ದಾರಿ ಬಿಟ್ಟು ಬಜಾರಿನ ಕಡೆ ಹೊರಟಳು. ಮದುವೆಯ ಪಾತ್ರೆಗಳಿಗೆ ಹೆಸರು ಹಾಕುವ ಅಂಗಡಿಯ ಕಟ್ಟೆಯ ಮೇಲೆ ಕೊಡ ಇಟ್ಟು, "ಹೆಸರ ಹಾಕಪಾ" ಎಂದಳು.

"ಏನಂತ ಹಾಕಲಿಬೇ?"

ಸಾಲೆಯ ಮೆಟ್ಟಿಲು ಹತ್ತದ ನನ್ನ ಅವ್ವ, ಧ್ವನಿವರ್ಧಕದಲ್ಲಿ ಕೇಳಿದ್ದನ್ನು ಒಂದಕ್ಷರ ತಪ್ಪದೆ, ಅಂಗಡಿಯ ಮುಂದಿನ ನಾಲ್ಕು ಮಂದಿಗೆ ಕೇಳುವಂತೆ ಹೇಳಿದಳು: "ಅಬ್ಬಿಗೇರಿಯ ನೀಲವ್ವ, ಬಿ.ಎ., ಬಿ.ಎಡ್. ಅದರ ಕೆಳಗ, ಈಸಿ ಗೆದ್ದಿದ್ದು, ಅಂತ ಹಾಕು."

ಯಂತ್ರದ ಸೂಜಿ ಟಕಟಕನೆ ಉಕ್ಕಿನ ಮೇಲೆ ಓಡಿತು. ಮುಗಿದ ಮೇಲೆ ಅವ್ವ ಅಕ್ಷರಗಳನ್ನು ಬೆರಳಿನಿಂದ ಒಂದೊಂದಾಗಿ ಮುಟ್ಟಿದಳು, ಆಮೇಲೆ ಅವುಗಳ ಕೆಳಗಿನ ಖಾಲಿ ಜಾಗಕ್ಕೆ ಅಂಗೈ ಇಟ್ಟು ಅಳೆದಳು.

"ಇಲ್ಲಿ ಮತ್ತೇನೂ ಹಾಕಬ್ಯಾಡ, ಹಂಗ ಇರಲಿ. ಮುಂದಿನ ವರ್ಷದ್ದಕ್ಕ ಬೇಕಾಕ್ಕೈತಿ."