ಅಡುಗೆಮನೆಯಲ್ಲಿ ಜಾಗ ಬದಲಿಸುತ್ತಿದ್ದ ಡಬ್ಬಿಗಳು

ಇವತ್ತು ಅಡುಗೆಮನೆಯ ಶೆಲ್ಫ್ ಒರೆಸುವಾಗ ಇಂಗಿನ ವಾಸನೆ ಬಂತು. ಡೊಂಬಿವಲಿಯ ನಮ್ಮ ಹಳೆಯ ಅಡುಗೆಮನೆ ಕಣ್ಣೆದುರು ನಿಂತಿತು.

ಅಪ್ಪ ಹೋಟೆಲಿನಿಂದ ಬರುವಷ್ಟರಲ್ಲಿ ನನಗೆ ನಿದ್ದೆ ಬಂದಿರುತ್ತಿತ್ತು. ಅಮ್ಮ ಠಾಣೆಯ ಆಫೀಸಿನಿಂದ ಲೋಕಲ್ ರೈಲಿನಲ್ಲಿ ನಿಂತೇ ಬಂದು, ಮಾತಿಲ್ಲದೆ ಒಲೆ ಹಚ್ಚುತ್ತಿದ್ದಳು. ಶಾಲೆ ಬಿಟ್ಟ ಮೇಲೆ ಬೀಗ ತೆಗೆದು ಒಬ್ಬಳೇ ಕೂರುತ್ತಿದ್ದ ನಾನು ಒಂದು ಉಪಾಯ ಕಂಡುಕೊಂಡೆ. ದಿನಾ ಸ್ಟೂಲ್ ಹತ್ತಿ ಡಬ್ಬಿಗಳ ಜಾಗ ಬದಲಿಸುತ್ತಿದ್ದೆ.

"ಉಪ್ಪು ಎಲ್ಲಿಟ್ಟಿದ್ದಿ ಮಾರಾಯ್ತಿ?"

"ಅವಲಕ್ಕಿ ಡಬ್ಬಿಯ ಹಿಂದೆ, ಅಮ್ಮ."

ಅಮ್ಮ ಹುಡುಕುವಾಗ ಪಕ್ಕದಲ್ಲಿ ನಿಂತು ಶಾಲೆಯ ಸುದ್ದಿಯನ್ನೆಲ್ಲ ಹೇಳಿಬಿಡುತ್ತಿದ್ದೆ.

ಪರೀಕ್ಷೆಯ ಗಡಿಬಿಡಿಯಲ್ಲಿ ಒಂದು ದಿನ ಏನನ್ನೂ ಬದಲಿಸಲಿಲ್ಲ. ಅಮ್ಮ ಬಂದವಳೇ ಚಹಾಪುಡಿಯ ಡಬ್ಬಿ ಕೈಗೆತ್ತಿಕೊಂಡಳು. ಬಾಗಿಲ ಬಳಿ ನಿಂತಿದ್ದ ನನ್ನನ್ನು ಅವಳು ನೋಡಿರಲಿಲ್ಲ. ಡಬ್ಬಿಯನ್ನು ಸದ್ದಾಗದಂತೆ ಅಲ್ಲೇ ಇಟ್ಟು ಕೂಗಿದಳು.

"ಚಾಹುಡಿ ಇವತ್ತು ಎಲ್ಲಿಟ್ಟಿದ್ದಿ ಮಗಾ? ಸಿಗುದೇ ಇಲ್ಲ."

ನಾನೂ ಹೋಗಿ ಅವಳ ಜೊತೆ ಹುಡುಕತೊಡಗಿದೆ.

ವಾಶಿಯ ಈ ಮನೆಯಲ್ಲಿ ನಾನೊಬ್ಬಳೇ. ಇಟ್ಟದ್ದು ಇಟ್ಟಲ್ಲೇ ಇರುತ್ತದೆ.