ತೊಂಡೆ ಚಪ್ಪರದಲ್ಲಿ ಹಾಡಿದವಳು

ಬೆಳಗ್ಗೆ ಎದ್ದ ಕೂಡಲೇ ಬಚ್ಚಲೊಲೆಗೆ ಬೆಂಕಿ ಹಾಕುವುದು ನನ್ನ ಮೊದಲ ಕೆಲಸ. ಆ ದಿನವೂ ಹಾಗೆಯೇ ಆಯಿತು. ತೆಂಗಿನ ಒಣ ಮಡಲು ಎರಡು ಮುರಿದು ಒಲೆಗೆ ತುರುಕಿ, ಹಂಡೆಯ ನೀರು ಬಿಸಿಯಾಗುವುದರೊಳಗೆ ಹಾಲು ಕಾಯಿಸಿ, ನೆನೆದ ಅಕ್ಕಿ ರುಬ್ಬಿಕೊಂಡೆ. ನೀರುದೋಸೆಯ ಹಿಟ್ಟು ಕಾದ ಕಾವಲಿಗೆ ಬಿದ್ದಾಗ ಆಗುವ ಸದ್ದು ನನಗೆ ಬಹಳ ಇಷ್ಟ. ಸದ್ದು ಸರಿಯಾಗಿದ್ದರೆ ದೋಸೆಯಲ್ಲಿ ತೂತುಗಳು ಸರಿಯಾಗಿ ಬರುತ್ತವೆ. ಹಿಟ್ಟು ಸ್ವಲ್ಪ ದಪ್ಪವಾದರೂ ಕಾವಲಿ ಸುಮ್ಮನಾಗಿಬಿಡುತ್ತದೆ. ಅಂದು ಕಾವಲಿ ಚೆನ್ನಾಗಿಯೇ ಮಾತಾಡುತ್ತಿತ್ತು.

ನನ್ನ ಗಂಡ ದೋಸೆ ತಿಂದು, ಬೈಕ್ ಹತ್ತುವ ಮೊದಲು ಹಿತ್ತಿಲಿಗೆ ಹೋಗಿ ನಾಯಿ ಬೊಗಳಿಸಿ ಬಂದರು. ನಾವು ನಾಯಿ ಸಾಕಿಲ್ಲ. ನಾಯಿ ಇರುವುದು ಹಳೆಯ ಫೋನಿನೊಳಗೆ.

ನಮ್ಮೂರು ನರಿಮೊಗರಿನ ಈ ಕಡೆ ಮಂಗಗಳ ಕಾಟ ಇಲ್ಲದ ಮನೆಯಿಲ್ಲ. ಬಚ್ಚಲಿನ ಹಿಂದೆಯೇ ನನ್ನ ತರಕಾರಿ ಹಿತ್ತಿಲು: ಅಲಸಂಡೆ, ಬೆಂಡೆ, ಒಂದು ತೊಂಡೆ ಚಪ್ಪರ. ಅಲಸಂಡೆ ನಮ್ಮ ಬೆರಳುದ್ದ ಬೆಳೆಯುವ ತನಕ ಮಂಗಗಳು ಹಲಸಿನ ಮರದಲ್ಲಿ ಕೂತು ನಮ್ಮಷ್ಟೇ ತಾಳ್ಮೆಯಿಂದ ಕಾಯುತ್ತವೆ. ಮೊದಲು ಹಳೆ ಸೀರೆ ಕಟ್ಟಿದೆವು. ಆಮೇಲೆ ಹಳೆ ಸಿ.ಡಿ.ಗಳನ್ನು ನೇತುಹಾಕಿದೆವು. ಒಂದು ಮಂಗ ಸಿ.ಡಿ.ಯನ್ನು ಕಿತ್ತುಕೊಂಡು ಅದರಲ್ಲಿ ಮುಖ ನೋಡಿಕೊಂಡಿತು. ಪಂಪ್ ರಿಪೇರಿ ಅಂಗಡಿ ಇಟ್ಟಿರುವ ನನ್ನ ಗಂಡನಿಗೆ ಇದು ಮರ್ಯಾದೆಯ ಪ್ರಶ್ನೆಯಾಯಿತು. ಒಂದು ಬ್ಲೂಟೂತ್ ಸ್ಪೀಕರ್ ತರಿಸಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂರಿಸಿ, ತೊಂಡೆ ಚಪ್ಪರದ ಕಂಬಕ್ಕೆ ಕಟ್ಟಿದರು. ಬಚ್ಚಲಿನ ಕಿಟಕಿಯಲ್ಲಿಟ್ಟ ಹಳೆಯ ಫೋನಿನಿಂದ ಅದಕ್ಕೆ ದಿನಕ್ಕೊಂದು ಕಾರ್ಯಕ್ರಮ ಹೋಗುತ್ತಿತ್ತು. ಒಂದು ದಿನ ನಾಯಿ, ಇನ್ನೊಂದು ದಿನ ಗರ್ನಾಲು ಪಟಾಕಿ, ಮತ್ತೊಂದು ದಿನ ಚೆಂಡೆ. ಟಿ.ವಿ.ಯ ಚರ್ಚೆ ಹಾಕಿದ ದಿನ ಮಂಗಗಳು ಮಧ್ಯಾಹ್ನದ ತನಕ ಈ ಕಡೆ ತಲೆ ಹಾಕಲಿಲ್ಲ.

ಬೇಲಿಯಾಚೆಯ ಬ್ಯಾರಿ ಮುಸ್ಲಿಮರ ಮನೆಯ ಹೆಂಗಸು ನನಗಿಂತ ಚಿಕ್ಕವಳು, ನನ್ನನ್ನು ಅಕ್ಕ ಎಂದೇ ಕರೆಯುತ್ತಾಳೆ. ಅವಳು ಒಮ್ಮೆ ಬೇಲಿಯ ಹತ್ತಿರ ಬಂದು, "ಅಕ್ಕಾ, ನಿಮ್ಮ ಮಂಗಗಳಿಗೆ ಎಂತ ಆಯ್ತೋ ಗೊತ್ತಿಲ್ಲ, ನಮ್ಮ ಬೆಕ್ಕು ಮಾತ್ರ ಮಂಚದ ಅಡಿಯಿಂದ ಹೊರಗೆ ಬರುದಿಲ್ಲ" ಎಂದು ದೂರು ಹೇಳಿ ಹೋಗಿದ್ದಳು.

ಅಂದು ನನ್ನ ಮನಸ್ಸು ಮಂಗಗಳ ಮೇಲೆ ಇರಲಿಲ್ಲ. ಸಂಜೆ ದೀಪ ಹಚ್ಚುವುದರೊಳಗೆ ನಾನು ಒಂದು ಹಾಡು ಕಳಿಸಬೇಕಿತ್ತು.

ನನ್ನ ತವರು ಅಜ್ಜಾವರ. ಸುಳ್ಯದಲ್ಲಿ ಕಾನ್ವೆಂಟಿನಲ್ಲಿ ಓದಿದವಳು. ಶಾಲೆಯಲ್ಲಿ ಹಾಡು ಎಂದರೆ ನನ್ನ ಜಾಗ ಕೋರಸ್‌ನ ಹಿಂದಿನ ಸಾಲು. ನಾನು ಉದ್ದ ಇದ್ದದ್ದರಿಂದ ಹಿಂದೆ ನಿಲ್ಲಿಸುತ್ತಾರೆ ಎಂದೇ ತಿಳಿದುಕೊಂಡಿದ್ದೆ. ಹತ್ತನೆಯ ತರಗತಿಯಲ್ಲಿ ನನಗಿಂತ ಉದ್ದದ ಹುಡುಗಿಯೊಬ್ಬಳು ಬಂದು ಸೀದಾ ಮುಂದೆ ಹೋಗಿ ಮೈಕ್ ಹಿಡಿದಾಗ ವಿಷಯ ಉದ್ದದ್ದಲ್ಲ ಎಂದು ಗೊತ್ತಾಯಿತು. ದುಃಖವೇನೂ ಆಗಲಿಲ್ಲ. ಹಿಂದಿನ ಸಾಲಿನಲ್ಲಿ ಬೇರೆ ಬೇರೆ ಸುಖಗಳಿದ್ದವು, ಮುಖ್ಯವಾಗಿ ಪೆಪ್ಪರಮಿಂಟು. ಆದರೆ ಒಮ್ಮೆಯಾದರೂ ಒಬ್ಬಳೇ ನಿಂತು ಹಾಡಬೇಕೆಂಬ ಆಸೆ ಎಲ್ಲಿಯೋ ಉಳಿದುಕೊಂಡಿತ್ತು. ಅದು ಈಗ, ಸೊಂಟ ನೋವಿಗೆ ಎಣ್ಣೆ ಹಚ್ಚುವ ವಯಸ್ಸಿನಲ್ಲಿ, ಎದ್ದು ಕೂತಿತು.

ಕಾರಣ ನಮ್ಮ ತರಗತಿಯ ವಾಟ್ಸಾಪ್ ಗ್ರೂಪು. ಎಲ್ಲರೂ ಒಮ್ಮೆ ಸುಳ್ಯದಲ್ಲಿ ಸೇರುವುದೆಂದು ನಿಶ್ಚಯವಾಗಿತ್ತು. ಕಡಬದಲ್ಲಿರುವ ಗೆಳತಿಗೆ ಕಾರ್ಯಕ್ರಮದ ಉಸ್ತುವಾರಿ. ಒಬ್ಬರೇ ಹಾಡುವ ಜಾಗ ಒಂದು ಖಾಲಿ ಇದೆ, ಬೇಕಾದವರು ವಾದ್ಯ ಗೀದ್ಯ ಏನೂ ಇಲ್ಲದೆ ಬರೀ ಸ್ವರದಲ್ಲಿ ಹಾಡಿ ಕಳಿಸಬೇಕು ಎಂದಿದ್ದಳು. ನಾನು ಧೈರ್ಯ ಮಾಡಿ, "ನೋಡ್ತೇನೆ" ಎಂದು ಬರೆದಿದ್ದೆ. ಅಂದು ಬೆಳಗ್ಗೆ ದೋಸೆ ಹೊಯ್ಯುವಾಗಲೇ ಅವಳ ಧ್ವನಿ ಸಂದೇಶ ಬಂತು.

"ಎಂತ ಮಾರಾಯ್ತಿ, ನೋಡ್ತೇನೆ ನೋಡ್ತೇನೆ ಅಂತ ಎಷ್ಟು ನೋಡುದು? ಇವತ್ತು ದೀಪ ಹಚ್ಚುವ ಹೊತ್ತಿಗೆ ಬಂದ್ರೆ ಬಂತು. ಇಲ್ಲದಿದ್ರೆ ಆ ಜಾಗದಲ್ಲಿ ಅಂತ್ಯಾಕ್ಷರಿ ಇಡ್ತೇನೆ. ಆಮೇಲೆ ನನ್ನನ್ನು ಬೈಬೇಡ."

ಮನೆಯೊಳಗೆ ಹಾಡುವ ಹಾಗಿರಲಿಲ್ಲ. ಚಾವಡಿಯಲ್ಲಿ ಅತ್ತೆ ಬೆಳಗ್ಗಿನ ಚಹಾ ಮುಗಿಸಿ ಫೋನಿನಲ್ಲಿ ಯಕ್ಷಗಾನದ ತಾಳಮದ್ದಲೆ ಹಾಕಿದರೆ, ಅರ್ಥಧಾರಿಗಳ ವಾದ ಅಡುಗೆಮನೆಯ ಒಗ್ಗರಣೆಯ ಸದ್ದನ್ನೂ ಮೀರಿಸುತ್ತದೆ. ಅಂದು ಅತ್ತೆಯ ಫೋನು ಸತ್ತಿತ್ತು. ಚಾರ್ಜಿಗೆ ಇಟ್ಟಿದ್ದರು, ಸ್ವಿಚ್ ಒತ್ತಿರಲಿಲ್ಲ.

"ಕೃಷ್ಣ ಈಗಷ್ಟೇ ಸಂಧಾನಕ್ಕೆ ಹೊರಟಿದ್ದ, ಅಷ್ಟರಲ್ಲಿ ಇದಕ್ಕೆ ಎಂತ ಆಯ್ತು?" ಎಂದು ಅವರು ಫೋನನ್ನು ಅಂಗೈಗೆ ಬಡಿಯುತ್ತಿದ್ದರು.

ಸುಮ್ಮನೆ ಕೂತರೆ ಅತ್ತೆಯ ಕಿವಿ ನನ್ನ ಹಾಡಿನ ಮೇಲೆಯೇ ಇರುತ್ತದೆಂಬ ಸ್ವಾರ್ಥದಿಂದ ನಾನು ಓಡಿ ಹೋಗಿ ಬಚ್ಚಲಿನ ಕಿಟಕಿಯಲ್ಲಿದ್ದ ಹಳೆಯ ಫೋನಿನ ನಾಯಿಯನ್ನು ನಿಲ್ಲಿಸಿ, ಅದನ್ನು ತಂದು ಅವರ ಕೈಗೆ ಕೊಟ್ಟೆ. ಮನೆಯ ವೈಫೈಯಲ್ಲಿ ಕೃಷ್ಣ ಮತ್ತೆ ಹೊರಟ. ಅತ್ತೆ ಖುಷಿಯಾದರು. ನಾಯಿಯ ಸದ್ದೂ ಇಲ್ಲ. ಈಗ ಬಚ್ಚಲು ನನ್ನದೊಬ್ಬಳದೇ ಎಂದುಕೊಂಡೆ.

ಬಚ್ಚಲಿನಲ್ಲಿ ಎಲ್ಲರ ಸ್ವರವೂ ಒಂದು ಸುತ್ತು ದಪ್ಪವಾಗಿ ಕೇಳುತ್ತದೆ. ಬಾಗಿಲು ಹಾಕಿ, ನನ್ನ ಫೋನನ್ನು ಸಾಬೂನಿನ ಹಲಗೆಯ ಮೇಲೆ ನಿಲ್ಲಿಸಿ, ರೆಕಾರ್ಡಿನ ಕೆಂಪು ಬೊಟ್ಟು ಒತ್ತಿದೆ. ಹಾಡು ಎಲ್ಲರಿಗೂ ಗೊತ್ತಿರುವ ಒಂದು ಹಳೆಯ ಸಿನಿಮಾ ಹಾಡು. ಅದರ ಎರಡನೆಯ ಚರಣದಲ್ಲಿ ಒಂದು ಉದ್ದನೆಯ ಎಳೆತ ಉಂಟು, ಅಲ್ಲಿಯೇ ನನ್ನ ಹೆದರಿಕೆ. ಅತ್ತೆಗೆ ಕೇಳಬಾರದೆಂದು ಮೆಲ್ಲನೆ ಹಾಡಿದೆ. ಎಳೆತದ ಹತ್ತಿರ ಉಸಿರು ಕೈಕೊಟ್ಟಿತು, ಒಂದು ಶಬ್ದ ಮರೆತು "ಹೂಂ ಹೂಂ" ಎಂದು ದಾಟಿಸಿದೆ.

ಕೇಳೋಣವೆಂದು ಒತ್ತಿದರೆ ಫೋನಿನಲ್ಲಿ ಸದ್ದೇ ಇಲ್ಲ. ಪರದೆಯ ಮೇಲೆ ಗೆರೆ ಮಾತ್ರ ಎದ್ದು ಬಿದ್ದು ಓಡುತ್ತಿದೆ. ಹೊರಗೆಲ್ಲೋ ಏನೋ ಕೇಳಿದ ಹಾಗಾಯಿತು, ಅತ್ತೆಯ ತಾಳಮದ್ದಲೆ ಇರಬೇಕೆಂದು ಅತ್ತ ಕಿವಿ ಕೊಡಲಿಲ್ಲ. ವಾಲ್ಯೂಮ್ ಪೂರ್ತಿ ಏರಿಸಿದೆ, ಇಲ್ಲ. ಫೋನನ್ನು ಸೀರೆಗೆ ಒರೆಸಿ, ಸಣ್ಣ ತೂತಿಗೆ ಊದಿ ಮತ್ತೆ ಒತ್ತಿದೆ, ಇಲ್ಲ. ನಾನು ಹಾಡಿದ್ದು ಅಷ್ಟು ಮೆಲ್ಲಗಿತ್ತೋ ಏನೋ, ಫೋನಿಗೂ ಕೇಳಿಸಲಿಲ್ಲ ಅಂತ ಕಾಣುತ್ತದೆ ಎಂದು ಸಿಟ್ಟು ಬಂತು. ನನ್ನ ಮೇಲೆ ಬಂದ ಸಿಟ್ಟನ್ನು ಫೋನಿನ ಮೇಲೆ ತೀರಿಸಿದೆ. ಎರಡನೆಯ ಸಲ ಅತ್ತೆ, ಕೃಷ್ಣ, ಕೌರವರು ಯಾರಿಗೆ ಕೇಳಿದರೂ ಕೇಳಲಿ ಎಂದು ಬಾಯಿ ಬಿಟ್ಟು ಹಾಡಿದೆ. ಎಳೆತ ಎಲ್ಲಿ ಬಂತು, ಎಲ್ಲಿ ಹೋಯಿತು ಎಂದೇ ತಿಳಿಯಲಿಲ್ಲ. ಹಂಡೆಯ ಮುಚ್ಚಳ ಸಣ್ಣಗೆ ನಡುಗಿತು.

ಒತ್ತಿ ನೋಡಿದರೆ ಮತ್ತೆ ಅದೇ ಮೌನ.

ಬೇಸರವಾಗಿ ಬುಟ್ಟಿ ಹಿಡಿದು ಅಲಸಂಡೆ ಕೊಯ್ಯಲು ಹೋದೆ. ಹೋಗುವಾಗಲೂ ಹೆಬ್ಬೆರಳು ಸುಮ್ಮನಿರಲಿಲ್ಲ, ಮೊದಲಿನದನ್ನು ಇನ್ನೊಮ್ಮೆ ಒತ್ತಿತು. ಬಚ್ಚಲಿನ ಮೂಲೆ ತಿರುಗಿದಾಗ ತೊಂಡೆ ಚಪ್ಪರದಿಂದ ಹಾಡು ಕೇಳಿತು. ಯಾರೋ ಹೆಂಗಸು ಅದೇ ಹಾಡನ್ನು ಹಾಡುತ್ತಿದ್ದಳು, ಎಲ್ಲರೂ ಹಾಡುವ ಹಾಡೇ ತಾನೆ. ಹಳೆಯ ಫೋನು ಅತ್ತೆಯ ಕೈಯಲ್ಲಿರುವುದನ್ನು ಮರೆತು, ಇವರು ಮಂಗಗಳಿಗೆ ಹೊಸ ಕಾರ್ಯಕ್ರಮ ಹಾಕಿದ್ದಾರೆ ಎಂದುಕೊಂಡೆ. ಪರವಾಗಿಲ್ಲ, ಚೆನ್ನಾಗಿಯೇ ಹಾಡುತ್ತಾಳೆ. ಸ್ವರದಲ್ಲಿ ಸ್ವಲ್ಪ ಹೊಗೆ ಹಿಡಿದ ಹಾಗಿದೆ, ಆದರೆ ಶ್ರುತಿ ಬಿಟ್ಟಿಲ್ಲ. ಹಾಗೆಂದು ಒಂದು ಅಲಸಂಡೆ ಕೊಯ್ದು ಬುಟ್ಟಿಗೆ ಹಾಕಿದೆ. ಇನ್ನೊಂದಕ್ಕೆ ಕೈ ಚಾಚಿದಾಗ ಚಪ್ಪರದ ಹೆಂಗಸು "ಹೂಂ ಹೂಂ" ಎಂದಳು.

ಕೈ ಅಲ್ಲಿಯೇ ನಿಂತಿತು.

ನನ್ನನ್ನು ನಾನೇ ಗುರುತಿಸದೆ, ಬೇರೆ ಯಾರೋ ಎಂದು ಸುಮ್ಮನೆ ಕೇಳಿದ ಆ ಸ್ವಲ್ಪ ಹೊತ್ತು ಎಷ್ಟು ಚಂದವಿತ್ತೆಂದು ಹೇಳಲು ನನಗೆ ಬರುವುದಿಲ್ಲ. ಆಮೇಲೆ ನಾಚಿಕೆ ಬಂತು, ನಾಚಿಕೆಯ ಹಿಂದೆಯೇ ಗಾಬರಿ. ಫೋನಿನ ಸದ್ದು ನಿಲ್ಲಿಸಿದೆ, ಚಪ್ಪರವೂ ನಿಂತಿತು. ಅಂದರೆ ಬೆಳಗ್ಗಿನಿಂದ ನಾನು ಒತ್ತಿದ್ದೆಲ್ಲ, ಅದೂ ಪೂರ್ತಿ ವಾಲ್ಯೂಮಿನಲ್ಲಿ, ಮಂಗ ಓಡಿಸುವ ಡಬ್ಬಿಯಿಂದ ಊರಿಗೆಲ್ಲ ಹೋಗಿದೆ. ತಲೆಯೆತ್ತಿ ನೋಡಿದರೆ ಹಲಸಿನ ಮರದಲ್ಲಿ ಮಂಗಗಳು ಸಾಲಾಗಿ ಕೂತಿದ್ದವು. ಒಂದು ತಾಯಿ ಮಂಗ ಮರಿಯ ಹೇನು ಹೆಕ್ಕುತ್ತಿತ್ತು. ಯಾವುದೂ ಓಡಿರಲಿಲ್ಲ. ಮೆಚ್ಚಿಕೊಂಡವೆಂದು ತಿಳಿಯಲೋ, ಲೆಕ್ಕಕ್ಕೇ ಇಟ್ಟಿಲ್ಲವೆಂದು ತಿಳಿಯಲೋ? ನಗು ತಡೆಯಲಾಗದೆ ಅಲಸಂಡೆ ಸಾಲಿನ ನಡುವೆ ಕೂತುಬಿಟ್ಟೆ.

ಮಧ್ಯಾಹ್ನ ಊಟಕ್ಕೆ ಬಂದ ನನ್ನ ಗಂಡ ಕೈ ತೊಳೆಯುವಾಗಲೇ ಕೇಳಿದರು, "ಮಂಗಗಳಿಗೆ ಇವತ್ತು ರಜೆ ಕೊಟ್ಟದ್ದು ಯಾರು?"

ನಡೆದದ್ದನ್ನೆಲ್ಲ ಹೇಳಿದೆ. ಅವರು ನಕ್ಕು ನಕ್ಕು ನೀರು ಕುಡಿದರು. ಸ್ಪೀಕರ್ ಬಂದ ದಿನ ಮೊದಲು ಪರೀಕ್ಷೆ ಮಾಡಿದ್ದು ನನ್ನ ಫೋನಿನಿಂದಲೇ ಅಂತೆ. ಹಳೆಯ ಫೋನು ದೂರ ಹೋದ ಕೂಡಲೇ ಅದು ಹತ್ತಿರವಿದ್ದ ಪರಿಚಯದ ಫೋನನ್ನು ಹಿಡಿದುಕೊಂಡಿದೆ. "ಅದರದ್ದು ಎಂತ ತಪ್ಪಿಲ್ಲ ಮಾರಾಯ್ತಿ, ನೀನೇ ಬ್ಲೂಟೂತ್ ತೆರೆದು ಇಟ್ಟದ್ದು" ಎಂದು ಸ್ಪೀಕರಿನ ಪರ ವಕಾಲತ್ತು ಮಾಡಿದರು.

"ಅದು ಇರ್ಲಿ. ಎರಡನ್ನೂ ಕೇಳಿ, ಕಳಿಸುವ ಹಾಗೆ ಉಂಟಾ ಹೇಳಿ. ನಿಜ ಹೇಳ್ಬೇಕು."

ಬ್ಲೂಟೂತ್ ಆಫ್ ಮಾಡಿಸಿ, ಅನ್ನ ಕಲಸುತ್ತ ಎರಡನ್ನೂ ಕೇಳಿದರು. "ಎರಡೂ ಲಾಯ್ಕ ಉಂಟು" ಎಂದರು. ಕಣ್ಣು ಸಾರಿನ ಮೇಲಿತ್ತು. ನನ್ನ ಪಲ್ಯಕ್ಕೆ ಉಪ್ಪು ಹೆಚ್ಚಾದ ದಿನವೂ ಅವರು ಹೇಳುವುದು ಇದೇ ಮಾತು.

ನಮ್ಮ ಮಾತನ್ನು ಅರ್ಧಂಬರ್ಧ ಕೇಳಿಸಿಕೊಂಡಿದ್ದ ಅತ್ತೆ ಮಜ್ಜಿಗೆ ಬಡಿಸಿಕೊಳ್ಳುತ್ತ ನಡುವೆ ಬಾಯಿ ಹಾಕಿದರು. "ಈಗ ಹೆಂಗಸರೂ ಭಾಗವತಿಕೆಗೆ ಕೂತು ಹಾಡ್ತಾರಲ್ಲ, ಒಳ್ಳೆಯದೇ. ಆದ್ರೆ ಸಂಧಾನದ ನಡುವೆ ಸಿನಿಮಾ ಪದ ಎಂತಕ್ಕೆ ಅಂತ ನನಗೆ ಗೊತ್ತಾಗ್ಲಿಲ್ಲ. ಕೃಷ್ಣ ಮಾತಾಡ್ತಾ ಇದ್ದಾನೆ, ಹಿಂದಿನಿಂದ ಒಂದು ಹೆಂಗಸು ಹಾಡ್ತಾ ಉಂಟು!"

ನನ್ನ ಗಂಡನಿಗೆ ಮತ್ತೆ ನೀರು ಬೇಕಾಯಿತು. ಆ ಹೆಂಗಸು ನಾನೇ ಎಂದು ಅತ್ತೆಗೆ ಹೇಳಿದಾಗ ಅವರು ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿ, "ನೀನಾ? ಹಾಗಾದ್ರೆ ಲಾಯ್ಕ ಇತ್ತು" ಎಂದರು. ಇದೂ ಉಪಯೋಗಕ್ಕೆ ಬರಲಿಲ್ಲ. ಮನೆಯವರ ಹೊಗಳಿಕೆಯಲ್ಲಿ ಯಾವಾಗಲೂ ಮೊದಲು ನಾನಿರುತ್ತೇನೆ, ಆಮೇಲೆ ಹಾಡು.

ಊಟವಾದ ಮೇಲೆ ನನಗೆ ಬಂದ ಯೋಚನೆಯೆಂದರೆ, ನಮ್ಮ ಮನೆಯಲ್ಲಿ ಯಾವ ಯಂತ್ರವೂ ತಂದ ಕೆಲಸವನ್ನು ಮಾತ್ರ ಮಾಡಿಕೊಂಡು ಇಲ್ಲ. ಮಗಳ ಓದಿಗೆಂದು ತಂದ ಟ್ಯಾಬು ಅಡುಗೆಮನೆಯಲ್ಲಿ ಕೇಕಿನ ಅಳತೆ ಹೇಳುತ್ತದೆ, ಮೂಲೆಯಲ್ಲಿ ಒಂದು ಬೆರಳು ಮೈದಾ ಹಿಡಿದಿದೆ. ಟಿ.ವಿ.ಯ ರಿಮೋಟಿನಲ್ಲಿ ಬಾಯಲ್ಲಿ ಹೇಳಿದರೆ ಸಾಕು, ಅತ್ತೆ ಅದಕ್ಕೆ ಬಹುವಚನದಲ್ಲಿ ಮಾತಾಡುತ್ತಾರೆ, "ಸ್ವಲ್ಪ ಯಕ್ಷಗಾನ ಹಾಕ್ತೀರಾ?" ಎಂದು. ಮಂಗ ಓಡಿಸುವ ಡಬ್ಬಿ ಒಂದು ಬೆಳಗ್ಗೆ ನನ್ನನ್ನು ಮುಂದಿನ ಸಾಲಿಗೆ ತಂದು ನಿಲ್ಲಿಸಿದರೆ ಅದರಲ್ಲೇನು ಆಶ್ಚರ್ಯ?

ಆದರೂ ಕಳಿಸುವ ಧೈರ್ಯ ಬರಲಿಲ್ಲ. ಮೊದಲನೆಯದು ಸಣ್ಣದಾಗಿ, ಸಭ್ಯವಾಗಿದೆ. ಕಳಿಸಿದರೆ ಯಾರೂ ನಗಲಾರರು. ಎರಡನೆಯದರಲ್ಲಿ ನಾನು ಪೂರ್ತಿ ಇದ್ದೇನೆ, ನಗಲು ಜಾಗವೂ ಪೂರ್ತಿ ಇದೆ. ಎರಡೂ ಬೇಡ, ಅಂತ್ಯಾಕ್ಷರಿಯೇ ಆಗಲಿ ಎಂದೂ ಒಮ್ಮೆ ಅನಿಸಿತು. ಬಟ್ಟೆ ಮಡಚಿದೆ, ಅಂಗಳ ಗುಡಿಸಿದೆ, ಗೆಳತಿಗೆ "ಸ್ವಲ್ಪ ಇರು" ಎಂದು ಬರೆದೆ. ಅವಳು ಒಂದು ಗಡಿಯಾರದ ಚಿತ್ರ ಕಳಿಸಿದಳು.

ಬಿಸಿಲು ಇಳಿದಿತ್ತು. ಹಿತ್ತಿಲಿನ ಮೆಟ್ಟಿಲ ಮೇಲೆ ಫೋನು ಹಿಡಿದು ಕೂತಿದ್ದೆ. ಬೇಲಿಯ ಆಚೆಯಿಂದ ಬ್ಯಾರಿ ಮನೆಯವಳು, "ಅಕ್ಕಾ, ಎರಡೆಸಳು ಕರಿಬೇವು ತೆಗೀತೇನೆ" ಎಂದು ಕೇಳಿದ್ದೂ ಆಯಿತು, ಮುರಿದದ್ದೂ ಆಯಿತು. ಇವಳ ಅಡುಗೆಮನೆ ತೊಂಡೆ ಚಪ್ಪರಕ್ಕೆ ನಮ್ಮದಕ್ಕಿಂತ ಹತ್ತಿರ. ಖಂಡಿತ ಕೇಳಿದ್ದಾಳೆ.

"ಬೆಳಗ್ಗೆ ಗಲಾಟೆ ಆಯ್ತಾ?" ಎಂದು ಮೆಲ್ಲಗೆ ಕೇಳಿದೆ.

"ಎಂತ ಗಲಾಟೆ? ಇವತ್ತು ನಾಯಿ ಇರ್ಲಿಲ್ಲ ಅಲ್ವಾ, ಹಾಡು ಹಾಕಿದ್ದು ನೀವು."

"ಹೂಂ, ಹಾಡು."

ಅವಳು ಸೊಪ್ಪನ್ನು ಸೆರಗಿಗೆ ಹಾಕಿಕೊಂಡು ಹೊರಟಳು. ಹಾಡಿದ್ದು ಯಾರೆಂದು ಅವಳಿಗೆ ತಿಳಿದಿರಲಿಲ್ಲ, ನಾನೂ ಹೇಳಲಿಲ್ಲ. ನಾಲ್ಕು ಹೆಜ್ಜೆ ಹೋದವಳು ತಿರುಗಿಯೂ ನೋಡದೆ ಹೇಳಿದಳು:

"ನಾಳೆ ಹಾಕುದಿದ್ರೆ ಆ ಎರಡನೇ ಸಲದ್ದೇ ಹಾಕಿ ಅಕ್ಕ. ಮೊದಲಿನದ್ದು ಪಕ್ಕದಲ್ಲಿ ಮಗು ಮಲಗಿದ ಹಾಗೆ ಹಾಡಿದ್ದು. ಎರಡನೆಯದ್ದಕ್ಕೆ ನಾನು ಗ್ಯಾಸ್ ಆಫ್ ಮಾಡಿ ಹೊರಗೆ ಬಂದು ನಿಂತೆ."